ಮಕ್ಕಳ ಕುಸ್ತಿ: ಸರಿಜೋಡಿ ಕಟ್ಟುವ ಕ್ರಮ

ಮಕ್ಕಳ ಕುಸ್ತಿ ಪಂದ್ಯಾವಳಿಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪು ಒಂದೇ: ದೊಡ್ಡವರ ತೂಕ ವಿಭಾಗದ ಪದ್ಧತಿಯನ್ನೇ ಎಂಟು-ಹತ್ತು ವರ್ಷದವರಿಗೂ ಹಚ್ಚುವುದು. 26ರಿಂದ 30 ಕಿಲೋ ಎಂದು ಗೆರೆ ಎಳೆದರೆ 26.1 ಕಿಲೋ ಹುಡುಗ 29.9 ಕಿಲೋದವನ ಎದುರು ನಿಲ್ಲಬೇಕಾಗುತ್ತದೆ. ವ್ಯತ್ಯಾಸ ಶೇ 14ಕ್ಕೂ ಹೆಚ್ಚು. 30.2 ಕಿಲೋದವನಿಗೆ ಮಾತ್ರ ಆ 29.9ರವನ ಜತೆ ಆಡುವ ಅವಕಾಶವೇ ಇಲ್ಲ. ಆದ್ದರಿಂದ ಮೊದಲು ಎಲ್ಲರನ್ನೂ ತೂಗಿ, ಆಮೇಲೆ ಗುಂಪು ಕಟ್ಟಿ.

ಇದರಿಂದ ಇನ್ನೊಂದು ದೊಡ್ಡ ಉಪಕಾರವಿದೆ. ವಿಭಾಗ ಮೊದಲೇ ಗೊತ್ತಿಲ್ಲದಿದ್ದರೆ ಮಗುವಿಗೆ ಊಟ-ನೀರು ತಪ್ಪಿಸಿ ತೂಕ ಇಳಿಸುವವರಿಗೆ ಲಾಭವೇ ಇರುವುದಿಲ್ಲ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿಯೇ ಪ್ರಾಣ ಕಳೆದುಕೊಂಡರು.

ತೂಕ

ಪಂದ್ಯದ ದಿನ ಬೆಳಿಗ್ಗೆಯೇ ತೂಗಿ; ನೋಂದಣಿ ಅರ್ಜಿಯಲ್ಲಿ ಬರೆದ ತೂಕವನ್ನು ನಂಬಬೇಡಿ. ಶೂ, ಜಾಕೆಟ್, ಪ್ಯಾಂಟು ಸೇರಿದರೆ ಸುಲಭವಾಗಿ ಒಂದು ಕಿಲೋ ಆಗುತ್ತದೆ. 22 ಕಿಲೋ ಮಗುವಿಗೆ ಅದು ಶೇ 4.5. ಯಂತ್ರ ಗಟ್ಟಿ ನೆಲದ ಮೇಲಿರಲಿ, ಮ್ಯಾಟಿನ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಮನೆಬಳಕೆಯ ಅಗ್ಗದ ಡಿಜಿಟಲ್ ಯಂತ್ರ ಬೇಡವೇ ಬೇಡ: ಅವುಗಳಲ್ಲಿ ಹಲವು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಮುಂದಿನವನ ತೂಕ ಅದಕ್ಕೆ ಹತ್ತಿರವಿದ್ದರೆ ಹಳೆಯ ಅಂಕಿಯನ್ನೇ ತೋರಿಸುತ್ತವೆ. ಎರಡು ಯಂತ್ರಗಳಿದ್ದರೆ ಒಂದೇ ಮಗುವನ್ನು ಎರಡರ ಮೇಲೂ ನಿಲ್ಲಿಸಿ ತಾಳೆ ನೋಡಿ.

ಗುಂಪು ಕಟ್ಟುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮೊದಲು ಹುಟ್ಟಿದ ದಿನಾಂಕ ನೋಡಿ ವಯಸ್ಸಿನ ಪಟ್ಟಿ ಮಾಡಿ. ಶಾಲೆಯ ತರಗತಿ ಲೆಕ್ಕಕ್ಕೆ ಬೇಡ. ಹತ್ತರೊಳಗಿನವರಲ್ಲಿ ಅಂತರ ಒಂದು ವರ್ಷ, ಅದರ ಮೇಲಿನವರಲ್ಲಿ ಹೆಚ್ಚೆಂದರೆ ಎರಡು. ಹುಡುಗಿಯರಿಗೆ ಬೇರೆ ಪಟ್ಟಿ ಇರಲಿ. ಪ್ರತಿ ಪಟ್ಟಿಯನ್ನೂ ತೂಕದ ಏರಿಕೆ ಕ್ರಮದಲ್ಲಿ ಬರೆದು ನಾಲ್ಕು ನಾಲ್ಕಾಗಿ ಕತ್ತರಿಸಿ. ಗುಂಪಿನ ಅತಿ ಹಗುರದವನ ತೂಕವನ್ನು 1.1ರಿಂದ ಗುಣಿಸಿ, ಅತಿ ಭಾರದವನು ಆ ಅಂಕಿಯನ್ನು ಮೀರಬಾರದು.

ಪಕ್ಕಪಕ್ಕದವರನ್ನು ಮಾತ್ರ ಹೋಲಿಸುವವರು ಮೋಸಹೋಗುತ್ತಾರೆ. 30, 32.5, 35, 37.5 ಎಂಬ ಸಾಲು ನೋಡಿ. ಪಕ್ಕಪಕ್ಕದ ಯಾವ ಇಬ್ಬರ ನಡುವೆಯೂ ಶೇ 10 ದಾಟಿಲ್ಲ, ಆದರೆ ಮೊದಲನೆಯವನಿಗೂ ಕೊನೆಯವನಿಗೂ ಶೇ 25 ಅಂತರ. ಗುಂಪಿನಲ್ಲಿ ಎಲ್ಲರೂ ಎಲ್ಲರ ಜತೆ ಆಡುವುದರಿಂದ ಆ ಇಬ್ಬರೂ ಎದುರಾಗಲೇಬೇಕು. ಸರಿಯಾದ ವಿಂಗಡಣೆ ಹೀಗಿರುತ್ತದೆ: 26.0, 26.8, 27.5, 28.3 ಒಂದು ಗುಂಪು, 29.9, 31.0, 31.4, 32.6 ಇನ್ನೊಂದು. ಎರಡರಲ್ಲೂ ಅಂತರ ಶೇ 9ರ ಆಸುಪಾಸು.

ಹತ್ತು ಮಕ್ಕಳಿದ್ದರೆ ಐದೈದು ಮಾಡಬೇಡಿ. 4, 3, 3 ಮಾಡಿ. ನಾಲ್ವರ ಗುಂಪಿಗೆ ಆರು ಕುಸ್ತಿ ಸಾಕು, ಐವರ ಗುಂಪಿಗೆ ಹತ್ತು ಬೇಕು. ಪ್ರತಿ ಸುತ್ತಿನಲ್ಲೂ ಒಬ್ಬ ಸುಮ್ಮನೆ ಕಾಯುತ್ತಾನೆ.

ಪಟ್ಟಿಯ ಭಾರದ ತುದಿಯಲ್ಲಿ ಯಾವಾಗಲೂ ತೊಡಕು. 41, 44.2, 49.5 ಕಿಲೋದ ಮೂವರು ಉಳಿದರೆ 'ಹೇಗೂ ದೊಡ್ಡವರೇ' ಎಂದು ಒಂದೇ ಗುಂಪಿಗೆ ತಳ್ಳುತ್ತಾರೆ. 41ಕ್ಕೂ 49.5ಕ್ಕೂ ಶೇ 20 ದಾಟುತ್ತದೆ. ಕೊನೆಯವನನ್ನು ಮುಂದಿನ ವಯಸ್ಸಿನ ಪಟ್ಟಿಯಲ್ಲಿ ಸಮತೂಕದ, ಅನುಭವ ಕಡಿಮೆಯಿರುವವರ ಜತೆ ಸೇರಿಸಿ. ಅದಕ್ಕೂ ಮೊದಲು ಪೋಷಕರನ್ನೂ ತರಬೇತುದಾರರನ್ನೂ ಕೇಳಿ. ಒಪ್ಪದಿದ್ದರೆ ಒತ್ತಾಯ ಬೇಡ, ಸೋಲು-ಗೆಲುವು ಲೆಕ್ಕಕ್ಕಿಲ್ಲದ ಪ್ರದರ್ಶನ ಕುಸ್ತಿ ಆಡಿಸಿ.

ಅನುಭವ

ತೂಕ, ವಯಸ್ಸು ಎರಡೂ ಹೊಂದಿದರೂ ಮೊದಲ ವರ್ಷದ ಮಗುವನ್ನು ಮೂರು ವರ್ಷ ಪಳಗಿದವನ ಎದುರು ಬಿಟ್ಟರೆ ಅದು ಜೋಡಿಯೇ ಅಲ್ಲ. ಪ್ರತಿ ಹೆಸರಿನ ಮುಂದೆ 1, 2, 3 ಎಂದು ಗುರುತು ಹಾಕಿ: ಮೊದಲ ವರ್ಷ, ಎರಡನೆಯದು, ಅದಕ್ಕೂ ಹೆಚ್ಚು. 1 ಮತ್ತು 3 ಒಂದೇ ಗುಂಪಿನಲ್ಲಿ ಬೀಳಬಾರದು. ಬಿದ್ದರೆ ಪಕ್ಕದ ಗುಂಪಿನವನೊಡನೆ ಅದಲುಬದಲು ಮಾಡಿ, 1.1ರ ಲೆಕ್ಕ ಮತ್ತೆ ಹಾಕಿ. 12ರಿಂದ 14ರ ವಯಸ್ಸಿನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಒಂದೇ ತೂಕದ ಇಬ್ಬರಲ್ಲಿ ಒಬ್ಬನಿಗೆ ಪ್ರೌಢಾವಸ್ಥೆ ಬಂದು ಭುಜ ತುಂಬಿರಬಹುದು, ಇನ್ನೊಬ್ಬ ಇನ್ನೂ ಎಳೆಯನಿರಬಹುದು. ಇದನ್ನು ಯಂತ್ರ ಹೇಳುವುದಿಲ್ಲ, ಕಣ್ಣಾರೆ ನೋಡಬೇಕು.

ಒಂದೇ ತಂಡದವರನ್ನು ಬೇರೆ ಗುಂಪುಗಳಿಗೆ ಹಂಚಿ. ಆಗದಿದ್ದರೆ ಮೊದಲ ಸುತ್ತಿನಲ್ಲೇ ಅವರ ಕುಸ್ತಿ ಮುಗಿಸಿ. ಕೊನೆಗೆ ಉಳಿಸಿದರೆ ಅಂಕದ ಲೆಕ್ಕ ನೋಡಿ ಒಬ್ಬ ಬಿಟ್ಟುಕೊಡುವ ಸಾಧ್ಯತೆ ಇರುತ್ತದೆ.

ಪಟ್ಟಿಯನ್ನು ಅರ್ಧ ಗಂಟೆ ಮೊದಲೇ ಗೋಡೆಗೆ ಅಂಟಿಸಿ ತರಬೇತುದಾರರಿಗೆ ತೋರಿಸಿ. ಸುರಕ್ಷತೆಯ ಆಕ್ಷೇಪವಾದರೆ ತಿದ್ದಿ. 'ನಮ್ಮ ಹುಡುಗ ಗೆಲ್ಲುವ ಗುಂಪು ಕೊಡಿ' ಎಂಬ ಬೇಡಿಕೆಗೆ ಕಿವಿಗೊಡಬೇಡಿ. ಮೊದಲ ಶಿಳ್ಳೆಯ ನಂತರ ಬದಲಾವಣೆ ಇಲ್ಲ. ಒಂದು ಮ್ಯಾಟಿಗೆ ಮೂರು ಗುಂಪು ಕೊಟ್ಟು ಸರದಿಯಂತೆ ಆಡಿಸಿದರೆ ಪ್ರತಿ ಮಗುವಿಗೂ ಎರಡು ಕುಸ್ತಿಗಳ ನಡುವೆ ಉಸಿರು ತಿರುಗಿಸಿಕೊಳ್ಳಲು ಸಮಯ ಸಿಗುತ್ತದೆ.