ನೀರಿನ ಮಾತ್ರೆ ಕೊಟ್ಟ ಮೇಲಿನ ಕೆಲಸ

ವಾರ್ಡಿಗೆ ಆಗಷ್ಟೇ ಸೇರಿದ್ದೆ. ಹಾರ್ಟ್ ಫೇಲ್ಯೂರ್ ಆಗಿ ಎರಡೂ ಕಾಲು ಊದಿಕೊಂಡಿದ್ದ ಒಬ್ಬ ಅಜ್ಜನಿಗೆ ಫ್ಯೂರೋಸೆಮೈಡ್ ಎಂಬ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ, ದಿನಕ್ಕೆ ಎರಡು ಸಲ ಬರೆದಿದ್ದರು. ಎರಡನೇ ಮಾತ್ರೆಯನ್ನು ನಾನು ಉಳಿದ ಮಾತ್ರೆಗಳ ಜೊತೆಗೇ ರಾತ್ರಿ ಎಂಟಕ್ಕೆ ಕೊಟ್ಟುಬಿಟ್ಟೆ. ಹತ್ತೂವರೆಗೆ ಅವರು ಕತ್ತಲಲ್ಲಿ ಬಾತ್‌ರೂಮಿಗೆಂದು ಎದ್ದರು. ತಲೆ ಸುತ್ತಿ ಮಂಚದ ಪಕ್ಕದಲ್ಲೇ ಕುಸಿದರು. ಮೊಣಕೈ ತರಚಿತ್ತು, ಮೂಳೆಗೇನೂ ಆಗಿರಲಿಲ್ಲ. “ಎಷ್ಟು ಸಲ ಕರೆಯೋದು ಅಂತ ಸುಮ್ನಾದೆ ಸಿಸ್ಟರ್” ಎಂದರು. ಮಾತ್ರೆ ಸರಿ ಇತ್ತು, ಡೋಸೂ ಸರಿ ಇತ್ತು. ಕೊಟ್ಟ ಹೊತ್ತು ತಪ್ಪು. ಅದು ನನ್ನ ತಪ್ಪು.

ಅಂದಿನಿಂದ ಮೊದಲ ಡೋಸ್ ಬೆಳಗ್ಗೆ, ಎರಡನೆಯದು ಮಧ್ಯಾಹ್ನ ನಾಲ್ಕರೊಳಗೆ. ಈ ಮಾತ್ರೆ ಬಾಯಲ್ಲಿ ತೆಗೆದುಕೊಂಡ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ, ಸುಮಾರು 6 ಗಂಟೆ ನಡೆಸುತ್ತದೆ. ಲೆಕ್ಕ ಹಾಕಿದರೆ ರಾತ್ರಿ ಎಂಟರ ಮಾತ್ರೆ ಯಾರ ನಿದ್ದೆಯನ್ನೂ ಉಳಿಸುವುದಿಲ್ಲ, ಅಲ್ವಾ?

ನಮ್ಮ ಕಿಡ್ನಿಗಳು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಗೆ ಹೋಗುವುದು ಒಂದೆರಡು ಲೀಟರ್ ಮಾತ್ರ, ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ. ಉಪ್ಪು ವಾಪಸ್ ಹೋದರೆ ನೀರೂ ಅದರ ಹಿಂದೆ ಹೋಗುತ್ತದೆ. ನೀರಿನ ಮಾತ್ರೆಗಳು ಉಪ್ಪಿನ ಈ ದಾರಿಯನ್ನು ತಡೆಯುತ್ತವೆ. ಸೋಸಿದ ಉಪ್ಪಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ವಾಪಸಾಗುವ ಜಾಗವನ್ನೇ ಫ್ಯೂರೋಸೆಮೈಡ್ ಹಿಡಿಯುತ್ತದೆ, ಅದಕ್ಕೇ ಅದರ ಜೋರು. ಬಿಪಿಗೆ ಕೊಡುವ ಥಯಾಜೈಡ್ ಎಂಬ ನೀರಿನ ಮಾತ್ರೆಗಳು ಕಿಡ್ನಿಯ ನಾಳದ ಮುಂದಿನ ಸಣ್ಣ ತುಂಡಿನಲ್ಲಿ ಕೆಲಸ ಮಾಡುವುದರಿಂದ ಮೆತ್ತಗೆ.

ನಾನು ಅತಿ ಹೆಚ್ಚು ನಂಬುವುದು ತೂಕದ ಯಂತ್ರವನ್ನು. ಬೆಳಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ಯಂತ್ರದ ಮೇಲೆ, ಹೆಚ್ಚುಕಡಿಮೆ ಅಷ್ಟೇ ಬಟ್ಟೆಯಲ್ಲಿ. ರಾತ್ರೋರಾತ್ರಿ ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತಲೇ ಅರ್ಥ. ಒಮ್ಮೆ ಒಬ್ಬರ ಚಾರ್ಟಿನಲ್ಲಿ ಮೂತ್ರ ತೀರಾ ಕಡಿಮೆ ಬರೆದಿತ್ತು. ಡೋಸ್ ಜಾಸ್ತಿ ಮಾಡುವ ಮಾತೂ ಬಂತು. ತೂಕ ನೋಡಿದರೆ ಒಂದೂವರೆ ಕಿಲೋ ಇಳಿದಿದೆ! ಕೇಳಿದಾಗ ಗೊತ್ತಾಯಿತು: ಅಳತೆಯ ಜಾರಿನಲ್ಲಿ ಮಾಡಲು ನಾಚಿಕೆಯಾಗಿ ಅವರು ನೇರವಾಗಿ ಟಾಯ್ಲೆಟ್ಟಿಗೆ ಹೋಗುತ್ತಿದ್ದರು. ತೂಕ ನೋಡದಿದ್ದರೆ ಒಣಗುತ್ತಿದ್ದ ಮೈಯಿಂದ ಇನ್ನಷ್ಟು ನೀರು ತೆಗೆಯುತ್ತಿದ್ದೆವು.

ಬಿಪಿಯನ್ನು ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡುತ್ತೇನೆ. ನಿಂತಾಗ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳದೆ ಮುಂದಿನ ಡೋಸ್ ಕೊಡುವುದಿಲ್ಲ. ಎದ್ದೇಳುವ ಮುಂಚೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತಿರಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಪೊಟ್ಯಾಸಿಯಂ ಬಗ್ಗೆ ನನಗೆ ಯಾವಾಗಲೂ ಭಯ. ಫ್ಯೂರೋಸೆಮೈಡ್, ಥಯಾಜೈಡ್ ಎರಡೂ ನೀರಿನ ಜೊತೆ ಅದನ್ನೂ ಹೊರಗೆ ಹಾಕುತ್ತವೆ. “ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ” ಎಂದು ಯಾರಾದರೂ ಹೇಳಿದರೆ ವಯಸ್ಸಿನ ನೋವು ಅಂತ ಬಿಡಬೇಡಿ, ಮೊದಲು ರಕ್ತದ ರಿಪೋರ್ಟ್ ನೋಡಿ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದ್ದರೆ ಎದೆಬಡಿತ ತಪ್ಪಬಹುದು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಕೂಡ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ನೀರಿನ ಮಾತ್ರೆ ಇದಕ್ಕೆ ಉಲ್ಟಾ, ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಎಲ್ಲ ನೀರಿನ ಮಾತ್ರೆಗೂ ಒಂದೇ ಸಲಹೆ ಹೇಳುವ ಹಾಗಿಲ್ಲ. ಯಾವ ಮಾತ್ರೆ ಎಂದು ನೋಡದೆ, ಪೊಟ್ಯಾಸಿಯಂ ಇರುವ ಎಳನೀರು, ಬಾಳೆಹಣ್ಣು ಜಾಸ್ತಿ ತಗೊಳ್ಳಿ ಅನ್ನುವುದು ತಪ್ಪು.

ಫ್ಯೂರೋಸೆಮೈಡ್ ಇಂಜೆಕ್ಷನ್ ಆದರೆ ನಿಧಾನವಾಗಿ ಕೊಡಬೇಕು. ದೊಡ್ಡ ಡೋಸ್ ಇದ್ದರೆ ನಿಮಿಷಕ್ಕೆ 4 ಮಿಲಿಗ್ರಾಂ ದಾಟಬಾರದು. ಬೇಗ ತಳ್ಳಿದರೆ ಕಿವಿಗೆ ಪೆಟ್ಟು. ಕೊಡುವಾಗ ಮತ್ತು ಕೊಟ್ಟ ಮೇಲೆ “ಕಿವಿಯಲ್ಲಿ ಗುಂಯ್ ಅನ್ನುತ್ತಾ?” ಎಂದು ಕೇಳುತ್ತೇನೆ.

ಡಿಸ್ಚಾರ್ಜ್ ದಿನ ನಾನು ಕೇಳುವ ಪ್ರಶ್ನೆ ಒಂದಿದೆ: “ಹೊರಗೆ ಹೋಗುವ ದಿನ ಮಾತ್ರೆ ಏನು ಮಾಡ್ತೀರ?” ಒಬ್ಬ ಅಜ್ಜಿ ತಲೆ ತಗ್ಗಿಸಿ, “ಬಿಟ್ಬಿಡ್ತೀನಮ್ಮಾ, ದಾರೀಲಿ ಎಲ್ಲಿಗೆ ಹೋಗ್ಲಿ?” ಎಂದರು. ಮೂರನೇ ಸಲ ಅಡ್ಮಿಟ್ ಆಗಿದ್ದರು, ಕಾರಣ ಯಾರೂ ಕೇಳಿರಲಿಲ್ಲ. ಡಾಕ್ಟರ ಹತ್ತಿರ ಮಾತಾಡಿ, ಅಂಥ ದಿನ ಮನೆಗೆ ವಾಪಸ್ ಬಂದ ಮೇಲೆ, ಸಂಜೆಯಾಗುವ ಮುಂಚೆ ತಗೊಳ್ಳಬಹುದು ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿಸಿಕೊಂಡು, ಮಡಚಿ, ಮಾತ್ರೆಯ ಡಬ್ಬಿಯೊಳಗೇ ಇಟ್ಟುಕೊಂಡರು.