ಲೇಕಾಕ್ ಹಳ್ಳಿಯ ಮನೆಗಳ ವಯಸ್ಸು ಗುರುತಿಸುವ ಬಗೆ

ಲಂಡನ್ನಿಗೆ ಹೋಗುವವರು ಒಂದು ದಿನ ಉಳಿಸಿಕೊಂಡರೆ ವಿಲ್ಟ್‌ಷೈರಿನ ಲೇಕಾಕ್ ನೋಡಿ ಬರಬಹುದು. ಅಲ್ಲಿನ ಹಳೆ ಮನೆಗಳ ವಯಸ್ಸು ಗುರುತಿಸುವ ಅರ್ಧ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿಕೊಳ್ಳಿ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಂರಕ್ಷಿತ ಹಳೆ ಕಟ್ಟಡಗಳ ಆನ್‌ಲೈನ್ ಪಟ್ಟಿಯಲ್ಲಿ ಊರಿನ ಹೆಸರು ಹುಡುಕಿದರೆ ಒಂದೊಂದು ಕಟ್ಟಡದ ವಿವರವೂ ಪುಕ್ಕಟೆ ಸಿಗುತ್ತದೆ. ಅಲ್ಲಿ ಮೇಲ್ಗಡೆ ಕಾಣುವ ತಾರೀಖು ಪಟ್ಟಿಗೆ ಸೇರಿಸಿದ್ದು, ಮನೆ ಕಟ್ಟಿದ್ದಲ್ಲ. ಹಲವರು ಎಡವುವುದು ಇಲ್ಲೇ. ಕಟ್ಟಿದ ಕಾಲ ಕೆಳಗಿನ ವಿವರಣೆಯಲ್ಲಿರುತ್ತದೆ: ‘ಸಿ15’ ಎಂದಿದ್ದರೆ 15ನೇ ಶತಮಾನ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಚಿಪನಮ್‌ಗೆ ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು. ಅಲ್ಲಿಂದ ಸುಮಾರು 5 ಕಿ.ಮೀ. ಬಸ್ಸು. ವಾಪಸು ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ, ಭಾನುವಾರವಂತೂ ಖಂಡಿತ.

ಊರೆಂದರೆ ಮುಖ್ಯವಾಗಿ ನಾಲ್ಕೇ ಬೀದಿ. ಮನೆಯ ಮುಂಭಾಗವನ್ನು ನಂಬಬೇಡಿ. ಹಳೆಯ ಮರದ ಚೌಕಟ್ಟಿಗೆ ಮುಂದೆ ಕಲ್ಲಿನದೋ ಇಟ್ಟಿಗೆಯದೋ ಹೊಸ ಗೋಡೆ ಎಬ್ಬಿಸುವುದು 18ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿತ್ತು. ಪಕ್ಕದ ಗೋಡೆಗೆ ಹೋಗಿ. ಚರ್ಚ್ ಸ್ಟ್ರೀಟಿನ ಒಂದು ಮನೆಯಲ್ಲಿ ಬಾಗಿದ ದಪ್ಪ ತೊಲೆ ಬುಡದಿಂದ ಸೂರಿನವರೆಗೆ ಏರಿರುವುದು ಕಾಣುತ್ತದೆ. ಅದಕ್ಕೆ ಕ್ರಕ್ ಎನ್ನುತ್ತಾರೆ. ಚಾವಣಿಯ ಭಾರ ಗೋಡೆಯ ಮೇಲಲ್ಲ, ಅಂಥ ಜೋಡಿ ತೊಲೆಗಳ ಮೇಲೆ. ಮೇಲಂತಸ್ತು ಬೀದಿಗೆ ಚಾಚಿದ್ದರೆ ಮನೆ ಬಹುಶಃ 17ನೇ ಶತಮಾನದ್ದು ಅಥವಾ ಅದಕ್ಕೂ ಹಿಂದಿನದು. ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಯಿಂದ ಏನೂ ತೀರ್ಮಾನಿಸಬೇಡಿ, ಹಳೆ ಮನೆಗೂ ಅದನ್ನು ಆಮೇಲೆ ಕೂರಿಸಿರುತ್ತಾರೆ.

ಕಲ್ಲಿಟ್ಟು ಮುಚ್ಚಿದ ಕಿಟಕಿ ಕಂಡ ತಕ್ಷಣ ಗೈಡ್‌ಗಳು ಕಿಟಕಿ ತೆರಿಗೆಯ ಕತೆ ಹೇಳುತ್ತಾರೆ. ಕಿಟಕಿಗಳ ಸಂಖ್ಯೆಗೆ ತಕ್ಕಂತೆ ಕಟ್ಟಬೇಕಿದ್ದ ಆ ತೆರಿಗೆ 1696ರಿಂದ 1851ರವರೆಗೆ ಇದ್ದದ್ದು, ಅದನ್ನು ತಪ್ಪಿಸಿಕೊಳ್ಳಲು ಕಿಟಕಿ ಮುಚ್ಚುತ್ತಿದ್ದದ್ದು ನಿಜ. ಆದರೆ ಎಡಬಲ ಸರಿಹೊಂದಲೆಂದು ಮೊದಲಿನಿಂದಲೂ ಕುರುಡಾಗಿಯೇ ಕಟ್ಟಿದ ಕಿಟಕಿಗಳೂ ಇವೆ. ಚೌಕಟ್ಟಿನೊಳಗಿನ ಕಲ್ಲು ಸುತ್ತಲಿನ ಗೋಡೆಯ ಕಲ್ಲಿಗಿಂತ ಬೇರೆಯಾಗಿದ್ದರೆ ಮಾತ್ರ ಆಮೇಲೆ ಮುಚ್ಚಿರಬಹುದೆಂದು ಅನುಮಾನಿಸಿ.

ಕಲ್ಲಿನ ಸಂದುಗಳನ್ನೂ ನೋಡಿ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ತುಂಬಿದರೆ ತೇವ ಕಲ್ಲಿನಲ್ಲೇ ಉಳಿದು ಅಂಚು ಹಕ್ಕಳೆ ಏಳುತ್ತದೆ. ಬಸವನಗುಡಿಯ ಹಳೇ ಗಾರೆ ಮನೆಗಳಿಗೆ ಸಿಮೆಂಟ್ ಬಳಿದಾಗ ಆಗುವುದೂ ಇದೇ.

1232ರಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠವಾಗಿ ಸ್ಥಾಪನೆಯಾದ ಅಬ್ಬೆಯನ್ನು ಕೊನೆಗಿಡಿ. ಒಳಗೆ ಹೋದರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಟಾಲ್ಬಟ್ 1835ರಲ್ಲಿ ಫೋಟೊ ನೆಗೆಟಿವ್ ತೆಗೆದ ಕಿಟಕಿ ಇಲ್ಲಿದೆ. 1944ರಲ್ಲಿ ಅಬ್ಬೆಯೂ ಹಳ್ಳಿಯೂ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಸೇರಿದವು, ಆದರೂ ಮನೆಗಳಲ್ಲಿ ಜನ ಬಾಡಿಗೆಗಿದ್ದಾರೆ. ಹಿತ್ತಲನ್ನು ಸಾರ್ವಜನಿಕ ಕಾಲುದಾರಿಯಿಂದಲೇ ನೋಡಿ, ಗೇಟು ತೆಗೆಯಬೇಡಿ.