ಕೆಲಸ, ಸಂಜೆ ಕಾಲೇಜು, ಆಟಿಸಂ: ನಾನು ಮಾಡಿಕೊಂಡ ಏರ್ಪಾಡು

ಬೆಂಗಳೂರಿನ ಚಿಕ್ಕಪೇಟೆಯ ಒಂದು ಎಲೆಕ್ಟ್ರಿಕಲ್ ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಟ್ಯಾಲಿಯಲ್ಲಿ ಎಂಟ್ರಿ ಹಾಕೋದು, ಜಿಎಸ್‌ಟಿ ರಿಟರ್ನ್ಸ್, ಸಪ್ಲೈಯರ್‌ಗಳ ಬಾಕಿ ತಾಳೆ ನೋಡೋದು ನನ್ನ ಕೆಲಸ. ಸಂಜೆ ಅಂಗಡಿಯಿಂದ ಸೀದಾ ಕಾಲೇಜಿಗೆ ಹೋಗುತ್ತೇನೆ. ಬಿ.ಕಾಂ. ಐದನೇ ಸೆಮಿಸ್ಟರ್ ನಡೆಯುತ್ತಿದೆ. ನನಗೀಗ 36 ವರ್ಷ. ಆಟಿಸಂ ಇದೆ ಅಂತ ಗೊತ್ತಾದಾಗ 32.

ಪಿಯುಸಿ ಮುಗಿದ ಮೇಲೆ ಒಮ್ಮೆ ಡಿಗ್ರಿಗೆ ಸೇರಿ, ಎರಡನೇ ವರ್ಷದಲ್ಲಿ ಬಿಟ್ಟಿದ್ದೆ. ಮಾರ್ಕ್ಸ್ ಚೆನ್ನಾಗಿಯೇ ಬರುತ್ತಿತ್ತು. ಪಾಠ ಕಷ್ಟವಾಗಲಿಲ್ಲ, ಪಾಠದ ಸುತ್ತ ಇದ್ದದ್ದು ಕಷ್ಟವಾಯಿತು. ಎಲ್ಲರೂ ಒಟ್ಟಿಗೆ ಮಾತಾಡುವ ತರಗತಿ, ಹೇಳದೆ ಕೇಳದೆ ಬದಲಾಗುವ ಟೈಮ್‌ಟೇಬಲ್, ಇವತ್ತು ಯಾರ ಪಕ್ಕ ಕೂತು ಡಬ್ಬಿ ಬಿಚ್ಚಬೇಕು ಅನ್ನೋ ಪ್ರಶ್ನೆ. ಮನೆಗೆ ಬಂದರೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಮನೆಯವರು, ನೆಂಟರು ಅದನ್ನು ಹಠ ಅಂದುಕೊಂಡರು. ಅಂಗಡಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದರೂ, ಡಿಗ್ರಿ ಇಲ್ಲ ಅಂದ ಕೂಡಲೇ ಆಡಿಟರ್ ಆಫೀಸುಗಳಲ್ಲಿ ನನ್ನ ಅರ್ಜಿ ಪಕ್ಕಕ್ಕೆ ಹೋಗುತ್ತಿತ್ತು. ಹಾಗಾಗಿ ಮತ್ತೆ ಸೇರಿದೆ. ಆದರೆ ಈ ಸಲ ಪುಸ್ತಕ ಮುಟ್ಟುವ ಮೊದಲು ಆ ಸುತ್ತಲಿನದನ್ನು ಸರಿಮಾಡಿಕೊಳ್ಳಬೇಕು ಅಂತ ತೀರ್ಮಾನ ಮಾಡಿದ್ದೆ. ಅದನ್ನು ಹೇಗೆ ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿರುವ ಇನ್ನೊಬ್ಬರಿಗೆ ಒಂದಿಷ್ಟಾದರೂ ಉಪಯೋಗಕ್ಕೆ ಬರಲಿ ಅನ್ನೋದು ನನ್ನ ಆಸೆ.

ಮೊದಲ ಕೆಲಸ ಕಾಗದಪತ್ರ. ನನ್ನನ್ನು ಪರೀಕ್ಷಿಸಿದ್ದು ನಿಮ್ಹಾನ್ಸ್‌ನಲ್ಲಿ. ಅಮ್ಮನನ್ನು ಕರೆದುಕೊಂಡು ಬನ್ನಿ ಅಂದರು. ಆಟಿಸಂ ಚಿಕ್ಕಂದಿನಿಂದಲೇ ಇರುವಂಥದ್ದು. ಹಾಗಾಗಿ ದೊಡ್ಡವರನ್ನು ನೋಡುವಾಗಲೂ ಬಾಲ್ಯದ ವಿವರ ಕೇಳುತ್ತಾರೆ. ಅಮ್ಮನಿಗೆ ಎಲ್ಲ ನೆನಪಿತ್ತು. ಮದುವೆಮನೆಯಲ್ಲಿ ಓಲಗ ಶುರುವಾದರೆ ನಾನು ಉಗ್ರಾಣಕ್ಕೆ ಹೋಗಿ ಕಿವಿ ಮುಚ್ಚಿ ಕೂರುತ್ತಿದ್ದದ್ದು, ಅನ್ನಕ್ಕೆ ಸಾರು ತಾಗಬಾರದು ಅಂತ ಬೇರೆ ಬಟ್ಟಲು ಕೇಳುತ್ತಿದ್ದದ್ದು, ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತಿದ್ದದ್ದು. ಹೇಳುತ್ತಾ ಹೇಳುತ್ತಾ ಅವರೇ ಸುಮ್ಮನಾದರು. ಹೊರಗೆ ಬಂದ ಮೇಲೆ, "ನಿನಗೆ ಆಗ ಅಷ್ಟು ಕಷ್ಟ ಆಗ್ತಿತ್ತೇನೇ?" ಅಂತ ಕೇಳಿದರು. ಹೌದು ಅಂದೆ.

1995ರ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ, ಅದರಲ್ಲಿ ಆಟಿಸಂ ಇದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಿದೆ. ಆಟಿಸಂ ಎಷ್ಟು ಪರ್ಸೆಂಟ್ ಅಂತ ನೋಡಲು 'ಐಸಾ' ಅನ್ನೋ 40 ಅಂಶಗಳ ಅಳತೆ ಇದೆ. ನನ್ನದು 40 ಪರ್ಸೆಂಟ್ ಮೇಲೆ ಬಂತು. ಕಾರ್ಡಿಗಾಗಿ ಹೋದ ಕಡೆ ಕೌಂಟರಿನಲ್ಲಿದ್ದವರು, "ಚೆನ್ನಾಗಿ ಮಾತಾಡ್ತೀರ, ಕೆಲಸಕ್ಕೂ ಹೋಗ್ತೀರ, ನಿಮಗೇನಮ್ಮ ಆಗಿರೋದು?" ಅಂದರು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ತುಂಬಾ ನೋವಾಯಿತು. ಆದರೂ ವಾದಕ್ಕೆ ಇಳಿಯಲಿಲ್ಲ. ರಿಪೋರ್ಟಿನ ಪ್ರತಿ ಮುಂದಿಟ್ಟು, "ಇದರಲ್ಲಿ ಬರೆದಿದೆ ಸರ್" ಅಂದೆ. ಆ ರಿಪೋರ್ಟಿನ ಜೆರಾಕ್ಸ್ ಈಗಲೂ ನನ್ನ ಬ್ಯಾಗಿನಲ್ಲಿರುತ್ತದೆ.

40 ಪರ್ಸೆಂಟ್ ಅಥವಾ ಅದಕ್ಕಿಂತ ಮೇಲೆ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ 5 ಪರ್ಸೆಂಟ್ ಸೀಟು ಮೀಸಲು. ಸೇರುವ ವಯಸ್ಸಿನ ಮಿತಿಯಲ್ಲೂ 5 ವರ್ಷ ಸಡಿಲಿಕೆ ಇದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ. 40ಕ್ಕಿಂತ ಕಡಿಮೆ ಬಂದವರೂ ಕೈಚೆಲ್ಲಬೇಕಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಬರೆಯಲು ಸಹಾಯಕರನ್ನು ಕೊಡೋದನ್ನು 40 ಪರ್ಸೆಂಟ್ ದಾಟಿದವರಿಗಷ್ಟೇ ಸೀಮಿತ ಮಾಡುವಂತಿಲ್ಲ ಅಂತ ಅದರಲ್ಲಿ ಹೇಳಿದೆ. ಅದಾದ ಮೇಲೆ, ಬರೆಯಲು ಕಷ್ಟ ಇರುವವರಿಗಾಗಿ 2022ರಲ್ಲಿ ಬೇರೆ ಮಾರ್ಗಸೂಚಿಯೂ ಬಂತು.

ಕಾಲೇಜಿಗೆ ಸೇರುವಾಗ ಪ್ರಿನ್ಸಿಪಾಲರ ಹತ್ತಿರ ವಿಷಯ ಹೇಳಿದೆ. ಒಳ್ಳೆಯ ಮನುಷ್ಯರು. "ಏನು ಸಹಾಯ ಬೇಕಾದ್ರೂ ಕೇಳಿಮ್ಮ" ಅಂದರು. ಮನಸ್ಸಿನಿಂದ ಬಂದ ಮಾತೇ. ಆದರೆ ಕಷ್ಟ ಬಂದ ಹೊತ್ತಿನಲ್ಲಿ ನನಗೆ ಬಾಯಿ ಬರುವುದಿಲ್ಲ. ಸದ್ದು ಜಾಸ್ತಿಯಾಗಿ ತಲೆಯೊಳಗೆ ಎಲ್ಲ ಕಲಸಿಹೋದಾಗ ಎದ್ದು ನಿಂತು ಸಹಾಯ ಕೇಳೋದು ಆಗದ ಮಾತು. ಆಗ ಕೇಳಲಾಗದ್ದನ್ನು ನೆಮ್ಮದಿಯಾಗಿದ್ದಾಗಲೇ ಕಾಗದದ ಮೇಲೆ ಕೇಳಿಟ್ಟಿರಬೇಕು. ನನ್ನ ಇಡೀ ಏರ್ಪಾಡು ನಿಂತಿರೋದು ಇದೊಂದರ ಮೇಲೆ.

ಹಾಗಾಗಿ ಒಂದು ಪುಟದ ಪತ್ರ ಬರೆದೆ. ಆಟಿಸಂ ಅಂದರೆ ಏನು ಅನ್ನೋ ವಿವರಣೆ ಎರಡೇ ಸಾಲು. ಉಳಿದದ್ದೆಲ್ಲ ಹೀಗೆ: "ತರಗತಿ ರದ್ದಾದರೆ ಅಥವಾ ರೂಮ್ ಬದಲಾದರೆ ಮಧ್ಯಾಹ್ನ ಮೂರರೊಳಗೆ ಮೆಸೇಜ್ ಬೇಕು. ಬಾಗಿಲ ಪಕ್ಕ ಗೋಡೆಗೆ ತಾಗಿರುವ ಬೆಂಚಿನಲ್ಲಿ ಕೂರಲು ಅವಕಾಶ ಬೇಕು. ಪಾಠದ ನಡುವೆ ಐದು ನಿಮಿಷ ಎದ್ದು ಹೊರಗೆ ಹೋದರೆ ಕಾರಣ ಕೇಳಬಾರದು, ನಾನೇ ವಾಪಸ್ ಬರುತ್ತೇನೆ. ಎಚ್ಚರಿಸದೆ ಹೆಸರು ಕೂಗಿ ಪ್ರಶ್ನೆ ಕೇಳಬಾರದು." ಇಂಥದ್ದೇ ಇನ್ನೂ ಕೆಲವು ಇದ್ದವು. ಯಾವುದಕ್ಕೂ ಕಾಲೇಜಿಗೆ ಕಾಸು ಖರ್ಚಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಂಡೆ. ಸೆಮಿಸ್ಟರ್ ಶುರುವಾದಾಗಲೆಲ್ಲ ಹೊಸ ಲೆಕ್ಚರರ್‌ಗಳಿಗೆ ಆ ಸೀಲಿನ ಪ್ರತಿಯ ಜೆರಾಕ್ಸ್ ಕೊಡುತ್ತೇನೆ. ಒಬ್ಬರು ಮಾತ್ರ, "ಇಷ್ಟೆಲ್ಲ ಷರತ್ತು ಇದ್ರೆ ಮನೇಲೇ ಕೂತು ಓದಬಹುದಲ್ವಾ?" ಅಂದರು. ಅವರ ಪೇಪರನ್ನು ಹೆಚ್ಚಿನ ಪಾಲು ಮನೆಯಲ್ಲೇ ಓದಿದೆ, ಹಾಜರಿಗೆ ಎಷ್ಟು ಬೇಕೋ ಅಷ್ಟು ಕ್ಲಾಸಿಗೆ ಹೋದೆ. ಬೇರೆ ಸಂಜೆ ಕಾಲೇಜುಗಳಲ್ಲಿ ಇದನ್ನು ಕೇಳುವವರು ಇನ್ನೂ ಬರುತ್ತಾರೆ. ಅವರಿಗೂ ಇದೇ ಮಾತು ಕೇಳಬೇಕಾಗುತ್ತದಲ್ಲ ಅಂತ ಸಂಕಟವಾಗುತ್ತದೆ.

ರೂಮ್ ಬದಲಾವಣೆಯ ಮೆಸೇಜ್ ಹಾಕುವ ಕೆಲಸ ಕಾಲೇಜು ಆಫೀಸಿನಿಂದ ಆಗಲಿಲ್ಲ. ಅದನ್ನು ಹೊತ್ತುಕೊಂಡದ್ದು ನಮ್ಮ ಕ್ಲಾಸಿನ ಸಿ.ಆರ್. (ತರಗತಿ ಪ್ರತಿನಿಧಿ) ಹುಡುಗ. "ಅಕ್ಕಾ, ಇವತ್ತು 12 ಅಲ್ಲ, 9ನೇ ರೂಮು. ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅಂತಿದೆ, ಕಿಟಕಿ ಕಡೆ ಸೀಟ್ ಹಿಡ್ದಿದೀನಿ." ಟ್ಯೂಬ್‌ಲೈಟ್ ವಿಷಯ ನನ್ನ ಪತ್ರದಲ್ಲಿ ಇರಲಿಲ್ಲ. ಅವನೇ ನೋಡಿ ತಿಳಿದುಕೊಂಡದ್ದು. ನಾನು ಕ್ಲಾಸಿನವರಿಗೆ ಕಾಸ್ಟಿಂಗ್ ಲೆಕ್ಕ ಹೇಳಿಕೊಡುತ್ತೇನೆ. ಹತ್ತೊಂಬತ್ತು ಇಪ್ಪತ್ತರ ಮಕ್ಕಳು, ಹೆಚ್ಚಿನವರು ಹಗಲು ಡೆಲಿವರಿ, ಮೊಬೈಲ್ ಅಂಗಡಿ, ಕೊರಿಯರ್ ಅಂತ ದುಡಿದು ಬಂದವರು. ಅವರ ಜೊತೆ ಕೂತಾಗ ನಾನು ಎಲ್ಲರ ಹಾಗಿದ್ದೇನೆ ಅಂತ ತೋರಿಸಿಕೊಳ್ಳುವ ಶ್ರಮ ಬೇಕಾಗೋದಿಲ್ಲ. ಆ ಶ್ರಮ ಎಷ್ಟು ಸುಸ್ತು ಮಾಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಇಂಟರ್ನಲ್ಸ್‌ಗೆ ಗುಂಪಿನಲ್ಲಿ ಸೆಮಿನಾರ್ ಮಾಡಬೇಕು. "ನಾಲ್ಕು ಜನ ಸೇರಿ ಮಾಡಿಕೊಳ್ಳಿ" ಅಂತ ಬಿಟ್ಟುಬಿಟ್ಟರೆ ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ತಿಳಿಯೋದಿಲ್ಲ. ಮೊದಲ ದಿನವೇ ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದು, ಯಾರು, ಯಾವ ಭಾಗ, ಯಾವ ತಾರೀಖಿನೊಳಗೆ ಅಂತ ಬರೆದು ನಾಲ್ವರ ಸಹಿ ಹಾಕಿಸಿದೆ. ನಮ್ಮ ವಿಷಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋದು. ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ. ಬರವಣಿಗೆ, ಉದಾಹರಣೆ ಎಲ್ಲ ನನ್ನದು, ಎದ್ದು ನಿಂತು ಮಾತಾಡೋದು ಅವರದು. ಕೊನೆಗೆ ಲೆಕ್ಚರರ್ ನನ್ನನ್ನು ಬೇರೆಯಾಗಿ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಅದನ್ನೂ ಮೊದಲೇ ಪತ್ರದಲ್ಲಿ ಕೇಳಿದ್ದೆ.

ಅಂಗಡಿಯ ಮಾಲೀಕರ ಜೊತೆಗೂ ಹೀಗೇ ಮಾತಾಡಿಕೊಂಡೆ. ಬೆಳಗ್ಗೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು, ಸಂಜೆ ಐದಕ್ಕೆ ಹೊರಡುತ್ತೇನೆ. ಆ ಬೆಳಗಿನ ಒಂದು ಗಂಟೆ ಬೀದಿಯಲ್ಲಿ ಸದ್ದಿರೋದಿಲ್ಲ, ಹಾಗಾಗಿ ಕೆಲಸ ಬೇಗ ಸಾಗುತ್ತದೆ. ಅಂಗಡಿಯ ಜಿಎಸ್‌ಟಿ ರಿಟರ್ನ್ಸ್‌ನಲ್ಲಿ ಜಿಎಸ್‌ಟಿಆರ್-1ಕ್ಕೆ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ಆ ತಾರೀಖುಗಳ ಹಿಂದಿನ ಎರಡು ಮೂರು ದಿನ ಓದು ಇಟ್ಟುಕೊಳ್ಳೋದೇ ಇಲ್ಲ. ದೀಪಾವಳಿ ಹೊತ್ತಿಗೆ ಅಂಗಡಿಯಲ್ಲಿ ಸೀರಿಯಲ್ ಲೈಟಿನ ವ್ಯಾಪಾರ ಮೈಮೇಲೆ ಬೀಳುತ್ತದೆ, ರಾತ್ರಿ ಪಟಾಕಿ ಸದ್ದು. ಆ ವಾರವನ್ನು ಓದಿನ ಲೆಕ್ಕದಿಂದ ಮೊದಲೇ ತೆಗೆದುಬಿಡುತ್ತೇನೆ. ಅಂಗಡಿ ಬಿಟ್ಟು ಕಾಲೇಜಿಗೆ ಹೋಗುವ ದಾರಿಯಲ್ಲಿ ಅದೇ ದರ್ಶಿನಿ, ಅದೇ ಎರಡು ಇಡ್ಲಿ, ಸಾಂಬಾರ್ ಬೇರೆ ಬಟ್ಟಲಲ್ಲಿ. ಸೆಮಿಸ್ಟರ್ ನಡೆಯುವಾಗ ಮದುವೆ, ನಾಮಕರಣಗಳಿಗೆ ಅಮ್ಮ ಒಬ್ಬರೇ ಹೋಗುತ್ತಾರೆ. ಭಾನುವಾರ ಮಧ್ಯಾಹ್ನದವರೆಗೆ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸೋದಿಲ್ಲ.

ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸದ್ದು ತಡೆಯುವ ಹೆಡ್‌ಫೋನ್ ಹಾಲಿನೊಳಗೆ ಬಿಡೋದಿಲ್ಲ, ಅದು ಎಲೆಕ್ಟ್ರಾನಿಕ್ ಸಾಮಾನು. ಕಿವಿಗೆ ಹಾಕುವ ಸ್ಪಂಜಿನ ಬಿರಡೆಗೆ ಅನುಮತಿ ಕೇಳಿ, ಪತ್ರ ತೆಗೆದುಕೊಂಡೆ. ಒಂದು ಜೊತೆಗೆ ತೀರಾ ಕಡಿಮೆ ಬೆಲೆ. ಹೆಚ್ಚುವರಿ ಒಂದು ಗಂಟೆಯಲ್ಲಿ ಯಾರೂ ಹೇಳದ ತೊಂದರೆ ಒಂದಿದೆ. ಮೂರು ಗಂಟೆ ಮುಗಿದು ಬೆಲ್ ಹೊಡೆದ ಕೂಡಲೇ ಕಾರಿಡಾರಿನಲ್ಲಿ ಜಾತ್ರೆ. ಉತ್ತರ ತಾಳೆ ನೋಡುವವರು, ಬೈಕ್ ಸ್ಟಾರ್ಟ್ ಮಾಡುವವರು, ಬೆಂಚು ಎಳೆಯುವ ಅಟೆಂಡರ್. ನನಗೆ ಸಿಕ್ಕ ಗಂಟೆ ಇಡೀ ದಿನದಲ್ಲೇ ಹೆಚ್ಚು ಗದ್ದಲದ ಗಂಟೆ. ರೂಮಿನ ಮೇಲ್ವಿಚಾರಕರಿಗೂ ಮನೆಗೆ ಹೋಗುವ ಅವಸರ. "ಇನ್ನೂ ಎಷ್ಟು ಬರೀತೀರಮ್ಮ?" ಅಂತ ಎರಡೆರಡು ಸಲ ಕೇಳಿದವರಿದ್ದಾರೆ. ಮುಂದಿನ ಸೆಮಿಸ್ಟರಿನಿಂದ ಎರಡು ವಿಷಯ ಕೇಳಿ ಪಡೆದೆ. ಒಂದು, ಮೇಲಿನ ಮಹಡಿಯ ಕೊನೆಯ ರೂಮು. ಇನ್ನೊಂದು, ನನ್ನ ಮುಗಿಯುವ ಸಮಯವನ್ನು ಮೇಲ್ವಿಚಾರಕರ ಹಾಳೆಯಲ್ಲೇ ಬರೆದಿಡೋದು. ಸಮಯ ಹಾಳೆಯಲ್ಲಿದ್ದರೆ ಯಾರೂ ಅವಸರ ಮಾಡೋದಿಲ್ಲ. ಹೆಚ್ಚುವರಿ ಸಮಯ ಪಡೆಯುವ ಎಲ್ಲರೂ ಎಷ್ಟು ಹೊತ್ತು ಅನ್ನೋದರ ಜೊತೆಗೆ ಯಾವ ರೂಮು ಅಂತಲೂ ಕೇಳಿ.

ಆರನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ವೈವಾ ಇದೆ. ಹೊರಗಿನ ಪರೀಕ್ಷಕರು ಬರುತ್ತಾರೆ, ಅವರಿಗೆ ನನ್ನ ವಿಷಯ ಗೊತ್ತಿರೋದಿಲ್ಲ. ಪ್ರಶ್ನೆಗಳನ್ನು ಬರೆದು ಕೊಡಬೇಕು, ಪ್ರತಿ ಪ್ರಶ್ನೆಗೂ ಯೋಚಿಸಲು ಸಮಯ ಬೇಕು, ಮುಖ ನೋಡಿ ಮಾತಾಡದೆ ಇದ್ದರೆ ಅದಕ್ಕೆ ಮಾರ್ಕ್ಸ್ ಕಳೆಯಬಾರದು ಅಂತ ವಿಭಾಗದ ಮುಖ್ಯಸ್ಥರಿಗೆ ಈಗಲೇ ಅರ್ಜಿ ಕೊಟ್ಟಿದ್ದೇನೆ. ಮೇಲಿನವರನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.